ರೈನ್ ನದಿಯ ಹಡಗು: ಏರುವಾಗಿನ ಹೊಗೆ, ಇಳಿಯುವಾಗಿನ ಹೊಗೆ

ಹೇಳುವವರು: ನದಿಯ ಸರಕು ಹಡಗಿನಲ್ಲಿ ಇಂಜಿನ್ ಒಂದೇ, ಹೊಗೆಯ ಲೆಕ್ಕ ಮಾತ್ರ ಹಲವು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ವರೆಗೆ ರೈನ್ ನದಿಯಲ್ಲಿ ಓಡಾಡುವ ಹಡಗು ಪ್ರವಾಹಕ್ಕೆ ಎದುರಾಗಿ ಏರುವಾಗ ಬಿಡುವಷ್ಟು ಹೊಗೆಯನ್ನು ಇಳಿಯುವಾಗ ಬಿಡುವುದಿಲ್ಲ. ನೀರಿನ ಮಟ್ಟ ಏರಿಳಿಸಿ ಹಡಗನ್ನು ದಾಟಿಸುವ ಲಾಕ್ ಎಂಬ ಕೋಣೆಯ ಬಾಗಿಲ ಮುಂದೆ ಕಾಯುವಾಗಿನ ಹೊಗೆಯ ಗುಣ ಬೇರೆ, ಧಕ್ಕೆಗೆ ಕಟ್ಟಿ ನಿಂತಾಗಿನದು ಬೇರೆ. ಇಂಜಿನ್‌ಗೆ ಸಿಗುವ ಪ್ರಮಾಣಪತ್ರದಲ್ಲಿ ಮಾತ್ರ ಒಂದು ಮಾಲಿನ್ಯಕ್ಕೆ ಒಂದೇ ಅಂಕಿ ಇರುತ್ತದೆ: ಒಂದು ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿಗೆ ಇಷ್ಟು ಗ್ರಾಂ ಎಂದು. ನದಿ ದಡದ ಮನೆಯ ಕಿಟಕಿಗೆ ಬರುವ ಗಾಳಿಯನ್ನು ಆ ಅಂಕಿಯಿಂದ ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ.

ಕೇಳುವವರು: ಜಲಸಾರಿಗೆ ಪರಿಸರಕ್ಕೆ ಹಗುರ ಎಂದು ಅಲ್ಲಿಯ ಸರ್ಕಾರಗಳೂ ಇಲ್ಲಿಯ ಸರ್ಕಾರಗಳೂ ಹೇಳುತ್ತ ಬಂದಿವೆ. ಒಂದು ಹಡಗು ನೂರು ಲಾರಿಗಳ ಸರಕು ಹೊರುತ್ತದೆ ಎಂಬುದು ಸುಳ್ಳೇ?

ಹೇಳುವವರು: ಸುಳ್ಳಲ್ಲ. 110 ಮೀಟರ್ ಉದ್ದದ ಸಾಮಾನ್ಯ ರೈನ್ ಹಡಗು ನೀರು ಸಾಕಷ್ಟಿದ್ದರೆ 2,500ರಿಂದ 3,000 ಟನ್ ಹೊರುತ್ತದೆ. ರಾಟರ್‌ಡ್ಯಾಮ್‌ನಿಂದ ಡ್ಯೂಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಒಯ್ಯುವ ತಳ್ಳುಹಡಗು ಆರು ಬಾರ್ಜ್‌ಗಳನ್ನು ಮುಂದಿಟ್ಟುಕೊಂಡು ಒಂದೇ ಸಲಕ್ಕೆ ಸುಮಾರು 16,000 ಟನ್ ಸಾಗಿಸುತ್ತದೆ. ಟನ್ ಲೆಕ್ಕದಲ್ಲಿ ಡೀಸೆಲ್ ಖರ್ಚು ಲಾರಿಗಿಂತ ಕಡಿಮೆ, ಆದ್ದರಿಂದ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆ. ಸರ್ಕಾರಗಳ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಹವಾಮಾನವನ್ನು ಕೆಡಿಸುವ ಅನಿಲ ಬೇರೆ, ಶ್ವಾಸಕೋಶವನ್ನು ಕೆಡಿಸುವ ಅನಿಲ ಬೇರೆ. ಇಲ್ಲಿ ಮಾತು ಎರಡನೆಯದರ ಬಗ್ಗೆ: ನೈಟ್ರೋಜನ್ ಆಕ್ಸೈಡ್‌ಗಳು, ಮಸಿಯ ಸೂಕ್ಷ್ಮ ಕಣಗಳು, ಇಂಗಾಲದ ಮೊನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್.

ಕೇಳುವವರು: ಗಂಧಕವನ್ನು ಬಿಟ್ಟದ್ದೇಕೆ? ಹಡಗಿನ ಹೊಗೆ ಎಂದರೆ ಮೊದಲು ನೆನಪಾಗುವುದೇ ಅದು.

ಹೇಳುವವರು: ಅದು ಸಮುದ್ರದ ಹಡಗಿನ ಕಥೆ. ಯುರೋಪಿನ ಒಳನಾಡು ಹಡಗುಗಳು 2011ರ ಜನವರಿಯಿಂದ ಲಾರಿ ಬಳಸುವಂಥ ಡೀಸೆಲನ್ನೇ ಬಳಸಬೇಕು. ಅದರಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲ. ಉತ್ತರ ಸಮುದ್ರದ ಹಡಗುಗಳಿಗೆ ಇರುವ ಮಿತಿ ಇದರ ನೂರು ಪಟ್ಟು. ಹಾಗಾಗಿ ರೈನ್‌ನಲ್ಲಿ ಗಂಧಕದ ಪ್ರಶ್ನೆ ಇಂಧನದಲ್ಲೇ ಮುಗಿದಿದೆ. ನೈಟ್ರೋಜನ್ ಆಕ್ಸೈಡ್ ಹಾಗೆ ಮುಗಿಯುವಂಥದ್ದಲ್ಲ. ಅದು ಡೀಸೆಲ್‌ನಿಂದ ಬರುವುದೇ ಇಲ್ಲ ಎಂದರೂ ನಡೆದೀತು. ಸಿಲಿಂಡರಿನೊಳಗಿನ ಕಾವು ಸುಮಾರು 1,500 ಡಿಗ್ರಿ ದಾಟಿದಾಗ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದೊಂದಿಗೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಚಿಮಣಿಯಿಂದ ಹೊರಬಿದ್ದ ಮೇಲೆ ವಾತಾವರಣದ ಓಜೋನ್ ಜೊತೆ ವರ್ತಿಸಿ ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಾಗುತ್ತದೆ. ಮಸಿಗೆ ಕಾರಣ ಇದರ ಉಲ್ಟಾ: ಗಾಳಿ ಸಾಲದಾಗ, ಕಾವು ಸಾಲದಾಗ ಇಂಧನ ಅರೆಬೆಂದು ಕಣವಾಗುತ್ತದೆ. ಅಂದರೆ ಇಂಜಿನ್ ಬಿಸಿಯಾಗಿ ಜೋರಾಗಿ ದುಡಿದರೆ ಒಂದು ಬಗೆಯ ಮಾಲಿನ್ಯ, ತಣ್ಣಗೆ ತೆವಳಿದರೆ ಇನ್ನೊಂದು ಬಗೆ. ಹಡಗು ಯಾವ ಸ್ಥಿತಿಯಲ್ಲಿ ಓಡುತ್ತಿದೆ ಎಂಬುದು ಮುಖ್ಯವಾಗುವುದು ಇದರಿಂದಲೇ.

ಕೇಳುವವರು: ಸ್ಥಿತಿಗಳಲ್ಲಿ ಮೊದಲನೆಯದು ಪ್ರವಾಹ ಇರಬೇಕು.

ಹೇಳುವವರು: ಅದಕ್ಕಿಂತ ಮೊದಲು ವೇಗ. ಪ್ರೊಪೆಲರ್‌ಗೆ ಬೇಕಾದ ಶಕ್ತಿ ನೀರಿನಲ್ಲಿ ಹಡಗಿನ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಪೂರ್ಣ ವೇಗದ ಶೇ. 80ರಲ್ಲಿ ಓಡಿದರೂ ಸಾಕು, ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕೊನೆಯ ಎರಡು–ಮೂರು ಕಿಲೋಮೀಟರ್ ವೇಗಕ್ಕಾಗಿಯೇ ಡೀಸೆಲ್‌ನ ದೊಡ್ಡ ಪಾಲು ಸುಡುತ್ತದೆ.

ಈಗ ಪ್ರವಾಹಕ್ಕೆ ಬರಬಹುದು. ಬಿಂಗೆನ್ ಮತ್ತು ಕೋಬ್ಲೆನ್ಜ್ ನಡುವೆ ರೈನ್ ಕಡಿದಾದ ಕಣಿವೆಯಲ್ಲಿ ಹರಿಯುತ್ತದೆ; ಲೋರೆಲೈ ಬಂಡೆ ಇರುವುದು ಅಲ್ಲೇ. ಇಕ್ಕೆಲದಲ್ಲಿ ದ್ರಾಕ್ಷಿ ತೋಟಗಳ ಇಳಿಜಾರು, ನಡುವೆ ಕಿರಿದಾದ ಹೊಳೆ, ರಭಸದ ನೀರು. ಪ್ರವಾಹ ಗಂಟೆಗೆ 6 ಕಿ.ಮೀ. ಎಂದುಕೊಂಡು ಒಂದು ಲೆಕ್ಕ ಹಾಕಬಹುದು. ನಿಂತ ನೀರಿನಲ್ಲಿ 600 ಕಿಲೋವ್ಯಾಟ್ ಶಕ್ತಿಯಿಂದ ಗಂಟೆಗೆ 14 ಕಿ.ಮೀ. ಓಡುವ ಹಡಗು ಇದೆ ಎನ್ನಿ. ಅದೇ ಶಕ್ತಿಯಲ್ಲಿ ಅದು ಏರುವಾಗ ದಡದ ಲೆಕ್ಕಕ್ಕೆ 8 ಕಿ.ಮೀ., ಇಳಿಯುವಾಗ 20 ಕಿ.ಮೀ. ಒಂದು ಕಿಲೋಮೀಟರ್ ಏರಲು ಏಳೂವರೆ ನಿಮಿಷ, ಇಳಿಯಲು ಮೂರೇ ನಿಮಿಷ. ಶಕ್ತಿಯ ಖರ್ಚು ಏರುವಾಗ 75 ಯೂನಿಟ್, ಇಳಿಯುವಾಗ 30. ಇಂಜಿನ್ ಯೂನಿಟ್‌ಗೆ 8 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡುವಂಥದ್ದಾದರೆ ಒಂದು ಕಡೆ 600 ಗ್ರಾಂ, ಇನ್ನೊಂದು ಕಡೆ 240.

ಕೇಳುವವರು: ಎರಡೂವರೆ ಪಟ್ಟು. ಆದರೆ ಯಾವ ಕ್ಯಾಪ್ಟನ್ ಎರಡೂ ಕಡೆಗೆ ಒಂದೇ ಶಕ್ತಿ ಕೊಡುತ್ತಾನೆ? ಏರುವಾಗ ಇಂಜಿನ್ ಏರಿಸುತ್ತಾನೆ, ಇಳಿಯುವಾಗ ಇಳಿಸುತ್ತಾನೆ.

ಹೇಳುವವರು: ಅದೇ ಈ ಲೆಕ್ಕದ ತಿರುಳು. ಏರುವಾಗ 800 ಕಿಲೋವ್ಯಾಟ್ ಕೊಟ್ಟರೆ ನೀರಿನಲ್ಲಿ ವೇಗ 15.4 ಕಿ.ಮೀ., ದಡದ ಲೆಕ್ಕಕ್ಕೆ 9.4. ಕಿಲೋಮೀಟರ್‌ಗೆ 85 ಯೂನಿಟ್, ಸುಮಾರು 680 ಗ್ರಾಂ. ಇಳಿಯುವಾಗ 300 ಕಿಲೋವ್ಯಾಟ್ ಸಾಕು ಎಂದರೂ ಹಡಗು ದಡದ ಲೆಕ್ಕಕ್ಕೆ 17 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಕಿಲೋಮೀಟರ್‌ಗೆ ಹದಿನೇಳೂವರೆ ಯೂನಿಟ್, ಸುಮಾರು 140 ಗ್ರಾಂ. ಹಡಗು ಅದೇ, ಇಂಜಿನ್ ಅದೇ, ಸರಕೂ ಅಷ್ಟೇ. ವ್ಯತ್ಯಾಸ ಐದು ಪಟ್ಟಿನ ಹತ್ತಿರ. ಕಣಿವೆಯ ಊರಿನ ಮಟ್ಟಿಗೆ ಹೊಗೆ ಎಂದರೆ ಬಹುಪಾಲು ಏರುವ ಹಡಗುಗಳದ್ದೇ.

ಕೇಳುವವರು: ಹಾಗಾದರೆ ಏರುವಾಗ ಸಾಧ್ಯವಾದಷ್ಟೂ ನಿಧಾನ ಹೋಗಬೇಕು ಎಂದಾಯಿತು.

ಹೇಳುವವರು: ಅಲ್ಲಿ ಒಂದು ಕೊಕ್ಕೆ ಇದೆ. ಪ್ರವಾಹದ ವೇಗಕ್ಕೆ ಸಮನಾಗಿ ಓಡುವ ಹಡಗು ದಡದ ಲೆಕ್ಕಕ್ಕೆ ಇದ್ದಲ್ಲೇ ಇರುತ್ತದೆ. ಡೀಸೆಲ್ ಸುಡುತ್ತಲೇ ಇರುತ್ತದೆ, ಒಂದಡಿ ದಾರಿಯೂ ಸಾಗುವುದಿಲ್ಲ. ಘನದ ನಿಯಮವನ್ನು ಇಟ್ಟುಕೊಂಡು ಗಣಿತ ಮಾಡಿದರೆ ನೀರಿನಲ್ಲಿ ಹಡಗಿನ ವೇಗ ಪ್ರವಾಹದ ಒಂದೂವರೆ ಪಟ್ಟು ಇದ್ದಾಗ ದಾರಿಯ ಪ್ರತಿ ಕಿಲೋಮೀಟರಿನ ಖರ್ಚು ಅತಿ ಕಡಿಮೆ. ಪ್ರವಾಹ 6 ಇದ್ದರೆ 9. ಅದಕ್ಕಿಂತ ಕೆಳಗಿಳಿದರೆ ಹೊಗೆ ಮತ್ತೆ ಏರುತ್ತದೆ. ಹಾಗೆ ಗಂಟೆಗೆ 3 ಕಿ.ಮೀ. ತೆವಳಿಕೊಂಡು ಹೋಗುವ ಕ್ಯಾಪ್ಟನ್ ಇಲ್ಲ, ಅವನಿಗೆ ಸಂಬಳ ಕೊಡುವವರೂ ಇಲ್ಲ. ಆದರೂ ದಿಕ್ಕು ತಿಳಿಯಿತು: ಓಡುವ ವೇಗಕ್ಕೂ ಈ ಮಿತಿಗೂ ನಡುವೆ ಇಳಿಸಲು ಜಾಗ ಬೇಕಾದಷ್ಟಿದೆ.

ಕೇಳುವವರು: ನೂರು ಲಾರಿಯ ಪ್ರಶ್ನೆ ಅಲ್ಲೇ ಉಳಿಯಿತು. ಈ 680 ಗ್ರಾಂ, 140 ಗ್ರಾಂಗಳನ್ನು ಲಾರಿಯ ಪಕ್ಕ ಇಟ್ಟರೆ?

ಹೇಳುವವರು: ಎರಡೂ ಕಡೆ 2,500 ಟನ್ ಸರಕು ತುಂಬಿದೆ ಎಂದಿಟ್ಟುಕೊಂಡರೆ ಸರಾಸರಿ ಟನ್ ಕಿಲೋಮೀಟರ್‌ಗೆ 0.16 ಗ್ರಾಂ ನೈಟ್ರೋಜನ್ ಆಕ್ಸೈಡ್. 25 ಟನ್ ಹೊರುವ, ನೂರು ಕಿಲೋಮೀಟರ್‌ಗೆ 30 ಲೀಟರ್ ಕುಡಿಯುವ ಲಾರಿ ಯೂರೋ 6 ಮಿತಿಯೊಳಗೆ, ಅಂದರೆ ಯೂನಿಟ್‌ಗೆ 0.46 ಗ್ರಾಂ ಬಿಟ್ಟುಕೊಂಡು ಓಡಿದರೆ ಟನ್ ಕಿಲೋಮೀಟರ್‌ಗೆ 0.02 ಗ್ರಾಂ ಚಿಲ್ಲರೆ. ಹಡಗಿನದ್ದು ಏಳು ಪಟ್ಟು. ಅದೇ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ನೋಡಿದರೆ ಹಡಗಿಗೆ 14 ಗ್ರಾಂ, ಲಾರಿಗೆ 32. ರಸ್ತೆಯ ಮೇಲೆ ಲಾರಿಗಳೂ ತಮ್ಮ ಕಾಗದದ ಮಿತಿಯನ್ನು ಯಾವಾಗಲೂ ಪಾಲಿಸುವುದಿಲ್ಲ, ಅದನ್ನು ಒಪ್ಪಬೇಕು. ಹಾಗೆಂದು ಏಳು ಪಟ್ಟಿನ ಅಂತರ ಅಳಿಸಿಹೋಗುವುದಿಲ್ಲ. ಲಾರಿಯ ಇಂಜಿನ್ ಮೂವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಯಿತು, ಹಡಗಿನದ್ದು ಬದಲಾಗಲಿಲ್ಲ. ರೈನ್ ದೇಶಗಳ ಸುಮಾರು ಹತ್ತು ಸಾವಿರ ಸರಕು ಹಡಗುಗಳಲ್ಲಿ ಅರ್ಧ ಶತಮಾನ ಕಂಡ ಕವಚಗಳು ಎಷ್ಟೋ ಇವೆ. ಸಿಹಿನೀರಿನಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದಿಲ್ಲ, ನಿಧಾನ ಸುತ್ತುವ ದೊಡ್ಡ ಡೀಸೆಲ್ ಇಂಜಿನ್ನೂ ಬೇಗ ಸವೆಯುವುದಿಲ್ಲ. ಬಾಳಿಕೆ ಎಂಬ ಒಳ್ಳೆಯ ಗುಣವೇ ಇಲ್ಲಿ ಗಾಳಿಗೆ ಎರವಾಗಿದೆ.

ಕೇಳುವವರು: ನದಿಯಲ್ಲಿ ನೀರೇ ಕಡಿಮೆಯಾದಾಗ? 2018ರಲ್ಲಿ ರೈನ್ ಬತ್ತಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಹೇಳುವವರು: ಆ ವರ್ಷದ ಅಕ್ಟೋಬರಿನಲ್ಲಿ ಅದೇ ಕಣಿವೆಯ ಕೌಬ್ ಊರಿನ ನೀರಿನ ಮಟ್ಟದ ಮಾಪಕ 25 ಸೆಂಟಿಮೀಟರ್ ತೋರಿಸಿತು. ಮಾಪಕದ ಸೊನ್ನೆ ನದಿಯ ತಳವಲ್ಲ. ಹಡಗಿನ ದಾರಿಯಲ್ಲಿ ಇನ್ನೂ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ನೀರು ಇರುತ್ತದೆ. ಆದರೂ ಒಟ್ಟು ಒಂದೂವರೆ ಮೀಟರ್ ತಲುಪದ ನೀರಿನಲ್ಲಿ ದೊಡ್ಡ ಹಡಗು ಸರಕು ತುಂಬಿಕೊಂಡು ದಾಟುವಂತಿಲ್ಲ. ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ ಕಚ್ಚಾವಸ್ತು ಬಾರದೆ ಉತ್ಪಾದನೆ ತಗ್ಗಿಸಬೇಕಾಯಿತು. ಕಂಪನಿಗೆ ಆದ ನಷ್ಟ ಸುಮಾರು 25 ಕೋಟಿ ಯೂರೊ.

ಕಡಿಮೆ ನೀರು ಹೊಗೆಯನ್ನು ಎರಡು ದಾರಿಯಿಂದ ಹೆಚ್ಚಿಸುತ್ತದೆ. ಒಂದು, ಆಳ ಕಡಿಮೆಯಾದಾಗ ಹಡಗಿನ ತಳಕ್ಕೂ ನದಿಯ ತಳಕ್ಕೂ ನಡುವಿನ ಕಿರಿದಾದ ಸಂದಿನಲ್ಲಿ ನೀರು ಹಿಮ್ಮುಖವಾಗಿ ರಭಸದಿಂದ ನುಗ್ಗುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ, ಹಡಗು ಇನ್ನಷ್ಟು ಕುಸಿದು ತಳಕ್ಕೆ ಹತ್ತಿರವಾಗುತ್ತದೆ, ಎಳೆತ ಏರುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗಕ್ಕೇ ಒಂದು ಮಿತಿ ಉಂಟು: 5 ಮೀಟರ್ ಆಳದಲ್ಲಿ ಗಂಟೆಗೆ 25 ಕಿ.ಮೀ., 3 ಮೀಟರಿನಲ್ಲಿ ಹತ್ತೊಂಬತ್ತೂವರೆ. ಹಡಗು ಆ ವೇಗದ ಹತ್ತಿರ ಹೋಗುವ ಬಹಳ ಮೊದಲೇ ಹೆಚ್ಚುವರಿ ಶಕ್ತಿಯೆಲ್ಲ ಅಲೆ ಎಬ್ಬಿಸಲು ಖರ್ಚಾಗುತ್ತದೆ. ಅಂಥ ಕಡೆ ಇಂಜಿನ್ ಏರಿಸಿದರೆ ವೇಗ ಏರುವುದಿಲ್ಲ, ಹೊಗೆ ಏರುತ್ತದೆ.

ಎರಡನೆಯದು ಸರಕಿನ ಲೆಕ್ಕ. 110 ಮೀಟರ್ ಉದ್ದ, 11.45 ಮೀಟರ್ ಅಗಲದ ಹಡಗು ಹತ್ತು ಸೆಂಟಿಮೀಟರ್ ಮೇಲೆ ತೇಲಬೇಕಾದರೆ ನೂರು ಟನ್‌ಗೂ ಹೆಚ್ಚು ಸರಕು ಇಳಿಸಬೇಕು. ಮೂರು ಸಾವಿರ ಟನ್‌ನ ಹಡಗು ಒಂದು ಸಾವಿರ ಟನ್ ಹೊತ್ತು ಹೊರಟರೆ ಅದೇ ಸರಕಿಗೆ ಮೂರು ಪ್ರಯಾಣ ಬೇಕು. ಹಗುರ ಹಡಗಿಗೆ ಶಕ್ತಿ ಸ್ವಲ್ಪ ಕಡಿಮೆ ಸಾಕು, ನಿಜ, ಆದರೆ ಮೂರನೇ ಒಂದು ಭಾಗ ಸಾಲದು. ಮೈನ್ಜ್‌ನಿಂದ ಸಾಂಕ್ಟ್ ಗೋವಾರ್‌ವರೆಗೆ ಹಡಗು ದಾರಿಯ ಖಾತರಿ ಆಳವನ್ನು 1.90 ಮೀಟರಿನಿಂದ 2.10ಕ್ಕೆ ಏರಿಸುವ ಜರ್ಮನ್ ಯೋಜನೆ ಇರುವುದು ಈ ಇಪ್ಪತ್ತು ಸೆಂಟಿಮೀಟರ್‌ಗಾಗಿ. ನೋಡಲು ಅಲ್ಪ, ಪ್ರತಿ ಹಡಗಿಗೂ ಇನ್ನೂರು ಟನ್‌ಗಿಂತ ಹೆಚ್ಚು.

ಕೇಳುವವರು: ಇಷ್ಟೂ ಓಡುವ ಹಡಗಿನ ಮಾತಾಯಿತು. ನಿಧಾನವಾಗಿ ಹೋಗುವಾಗ, ಕಾಯುವಾಗ?

ಹೇಳುವವರು: ಪ್ರಮಾಣಪತ್ರದ ದೌರ್ಬಲ್ಯ ಬಯಲಾಗುವುದು ಅಲ್ಲೇ. ಹಡಗಿನ ಇಂಜಿನ್ ಪರೀಕ್ಷೆಗೆ ಇ3 ಎಂಬ ಒಂದು ಕ್ರಮ ಇದೆ. ಇಂಜಿನನ್ನು ಬೆಂಚಿನ ಮೇಲೆ ನಾಲ್ಕು ಸ್ಥಿರ ಲೋಡ್‌ಗಳಲ್ಲಿ ಓಡಿಸುತ್ತಾರೆ: ಪೂರ್ಣ, ಮುಕ್ಕಾಲು, ಅರ್ಧ, ಕಾಲು. ಸರಾಸರಿ ತೆಗೆಯುವಾಗ ಮುಕ್ಕಾಲು ಲೋಡ್‌ಗೆ ಅರ್ಧದಷ್ಟು ತೂಕ, ಪೂರ್ಣ ಲೋಡ್‌ಗೆ ಶೇ. 20, ಉಳಿದೆರಡಕ್ಕೆ ತಲಾ ಶೇ. 15. ಕಾಲು ಲೋಡ್‌ಗಿಂತ ಕೆಳಗೆ ಒಂದು ಬಿಂದುವೂ ಇಲ್ಲ. ಒಂದು ಲೋಡ್‌ನಿಂದ ಇನ್ನೊಂದಕ್ಕೆ ಹಾರುವ ಕ್ಷಣದ ಅಳತೆಯೂ ಇಲ್ಲ. ತೆರೆದ ಸಮುದ್ರದಲ್ಲಿ ದಿನಗಟ್ಟಲೆ ಒಂದೇ ವೇಗದಲ್ಲಿ ಹೋಗುವ ಹಡಗಿಗೆ ಈ ತೂಕ ಹೊಂದೀತು. ಕಾಲುವೆಯಲ್ಲಿ ತೆವಳುವ, ಇಳಿಮುಖವಾಗಿ ಅರ್ಧ ನಿದ್ದೆಯಲ್ಲಿ ಓಡುವ, ಲಾಕ್‌ನಿಂದ ಲಾಕ್‌ಗೆ ನಿಂತು ಹೊರಡುವ ನದಿಯ ಹಡಗಿಗೆ ಹೊಂದುವುದಿಲ್ಲ.

ಬಾಸೆಲ್‌ನ ಕೆಳಗಿನಿಂದ ಇಫೆಟ್ಸ್‌ಹೈಮ್‌ವರೆಗೆ ಇಂಥ ಹತ್ತು ಲಾಕ್‌ಗಳಿವೆ. ಅಲ್ಲಿಂದ ಕೆಳಗೆ ಸಮುದ್ರದವರೆಗೆ ರೈನ್ ತಡೆಯಿಲ್ಲದೆ ಹರಿಯುತ್ತದೆ. ಇಫೆಟ್ಸ್‌ಹೈಮ್‌ನಲ್ಲಿ 270 ಮೀಟರ್ ಉದ್ದ, 24 ಮೀಟರ್ ಅಗಲದ ಎರಡು ಕೋಣೆಗಳು. ಬಾಗಿಲು ತೆರೆಯುವವರೆಗೆ ಹಡಗು ಇಂಜಿನ್ ಆರಿಸುವುದಿಲ್ಲ, ಗಾಳಿಗೂ ಸುಳಿಗೂ ಕೊಚ್ಚಿಹೋಗದಂತೆ ಇದ್ದಲ್ಲೇ ನಿಲ್ಲಲು ಮುಂದೊಮ್ಮೆ ಹಿಂದೊಮ್ಮೆ ಒತ್ತುತ್ತಿರುತ್ತದೆ. ಮೂತಿಯ ಬಳಿ ಇರುವ ಅಡ್ಡ ಪ್ರೊಪೆಲರಿಗೆ ಬೇರೆಯೇ ಇಂಜಿನ್. ಅದು ಮೂವತ್ತು ಸೆಕೆಂಡ್ ಗುಡುಗಿ ಸುಮ್ಮನಾಗುತ್ತದೆ. ಕೊನೆಗೆ ಬಾಗಿಲು ತೆರೆದು ಕ್ಯಾಪ್ಟನ್ ಥ್ರಾಟಲ್ ತಳ್ಳಿದ ಕೂಡಲೇ ಚಿಮಣಿಯಿಂದ ಕಪ್ಪು ಹೊಗೆ ಏಳುತ್ತದೆ. ಡೀಸೆಲ್ ತಕ್ಷಣ ಸಿಲಿಂಡರಿಗೆ ಬಂತು, ಗಾಳಿ ತುಂಬುವ ಟರ್ಬೊಚಾರ್ಜರ್ ವೇಗ ಹಿಡಿಯಲು ಕೆಲವು ಸೆಕೆಂಡ್ ತಡವಾಯಿತು. ನಡುವೆ ಬಿದ್ದ ಇಂಧನ ಅರೆಬೆಂದು ಮಸಿಯಾಯಿತು. ಲಾಕ್ ಬಳಿ ನಿಂತವರಿಗೆ ಬರಿಗಣ್ಣಿಗೆ ಕಾಣುವ ಈ ಹೊಗೆ ಇ3 ಕ್ರಮದ ಕಣ್ಣಿಗೆ ಬೀಳುವುದೇ ಇಲ್ಲ.

ಕೇಳುವವರು: ಕಡಿಮೆ ಲೋಡ್ ಎಂದರೆ ಒಟ್ಟು ಇಂಧನವೂ ಕಡಿಮೆಯಲ್ಲವೆ? ಗಂಟೆಗೆ ಬೀಳುವ ಗ್ರಾಂ ಕಡಿಮೆಯೇ ಇರಬೇಕು. ಇಷ್ಟು ಗಾಬರಿ ಏಕೆ?

ಹೇಳುವವರು: ಗಂಟೆಯ ಲೆಕ್ಕದಲ್ಲಿ ಕಡಿಮೆಯೇ. ಯೂನಿಟ್ ಶಕ್ತಿಯ ಲೆಕ್ಕದಲ್ಲಿ ಹೆಚ್ಚು: ಕಣಗಳೂ ಮೊನಾಕ್ಸೈಡೂ ಬಹಳ ಏರುತ್ತವೆ, ನೈಟ್ರೋಜನ್ ಆಕ್ಸೈಡ್ ಅಷ್ಟಾಗಿ ಅಲ್ಲ. ಜೊತೆಗೆ ಹೊಗೆ ಒಂದೇ ಜಾಗದಲ್ಲಿ ಬೀಳುತ್ತದೆ ಎಂಬುದನ್ನು ಮರೆಯಬಾರದು. ಓಡುವ ಹಡಗು ತನ್ನ ಹೊಗೆಯನ್ನು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹರಡುತ್ತದೆ, ಕಾಯುವ ಹಡಗು ಒಂದೇ ಬೀದಿಗೆ ಕೊಡುತ್ತದೆ. ಇನ್ನೂ ಒಂದು ಮಾತಿದೆ, ಅದು ಹೊಸ ಹಡಗುಗಳಿಗೆ ಸೇರಿದ್ದು. ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸಿ, ವೇಗವರ್ಧಕದ ಮೇಲೆ ನೈಟ್ರೋಜನ್ ಆಕ್ಸೈಡನ್ನು ಮತ್ತೆ ಬರಿಯ ನೈಟ್ರೋಜನ್ ಮತ್ತು ನೀರಾಗಿ ಒಡೆಯುವ ಘಟಕಗಳು ಬಂದಿವೆ. ಹೊಗೆ ಸುಮಾರು 250 ಡಿಗ್ರಿ ಬಿಸಿ ಇಲ್ಲದಿದ್ದರೆ ಯೂರಿಯಾ ಕೊಳವೆಯಲ್ಲೇ ಹರಳುಗಟ್ಟುತ್ತದೆ, ಆದ್ದರಿಂದ ಅಂಥ ಹೊತ್ತಿನಲ್ಲಿ ಸಿಂಪಡಿಕೆ ತಾನಾಗಿ ನಿಲ್ಲುತ್ತದೆ. ಲಕ್ಷಾಂತರ ಯೂರೊ ಕೊಟ್ಟು ಕೂರಿಸಿದ ಯಂತ್ರ, ಹಡಗು ನಿಧಾನವಾಗಿ ಊರೊಳಗೆ ಬರುವ ಹೊತ್ತಿಗೇ ಕೆಲಸ ಬಿಡುತ್ತದೆ. ಮಸಿ ಹಿಡಿಯುವ ಫಿಲ್ಟರಿನ ಪಾಡೂ ಇದೇ: ಕಾವು ಸಾಲದೆ ಮಸಿ ಸುಡುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಕೇಳುವವರು: ಬೆಂಚಿನ ಪರೀಕ್ಷೆ ನಂಬುವಂತಿಲ್ಲ ಎಂದಾದರೆ ಓಡುವ ಹಡಗಿನ ಹೊಗೆಯನ್ನು ಅಳೆಯುವುದು ಹೇಗೆ? ಪ್ರತಿ ಚಿಮಣಿಗೂ ಉಪಕರಣ ಕಟ್ಟಬೇಕೆ?

ಹೇಳುವವರು: ಕಟ್ಟುವುದೂ ಉಂಟು. ಐರೋಪ್ಯ ಒಕ್ಕೂಟದ ನೆರವಿನಲ್ಲಿ ನಡೆದ ಕ್ಲಿನ್ಶ್ ಯೋಜನೆ ಹಲವಾರು ಹಡಗುಗಳ ಮೇಲೆ ಉಪಕರಣ ಕೂರಿಸಿ, ದಿನನಿತ್ಯದ ಓಟದಲ್ಲೇ ಅಳೆಯಿತು. ಇನ್ನೊಂದು ವಿಧಾನ ದಡದಲ್ಲಿ ಕುಳಿತು ಹೊಗೆಯನ್ನು ಮೂಸುವುದು. ನದಿಯಿಂದ ದಡದ ಕಡೆ ಗಾಳಿ ಬೀಸುವಂಥ ಜಾಗದಲ್ಲಿ ಉಪಕರಣ ಇಡುತ್ತಾರೆ. ಹಡಗೊಂದು ದಾಟಿದ ಒಂದೆರಡು ನಿಮಿಷಕ್ಕೆ ಅದರ ಹೊಗೆ ಬಂದು ತಾಕುತ್ತದೆ. ಪರದೆಯ ಮೇಲೆ ನೈಟ್ರೋಜನ್ ಆಕ್ಸೈಡಿನ ಗೆರೆ, ಇಂಗಾಲದ ಡೈಆಕ್ಸೈಡಿನ ಗೆರೆ ಎರಡೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತವೆ. ಹೊಗೆ ದಾರಿಯಲ್ಲಿ ಎಷ್ಟು ತೆಳುವಾಯಿತು ಎಂದು ತಿಳಿಯುವ ಅಗತ್ಯವಿಲ್ಲ, ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗಿರುತ್ತವೆ. ಅವುಗಳ ಅನುಪಾತ ಸಾಕು. ಒಂದು ಕಿಲೋ ಡೀಸೆಲ್ ಉರಿದರೆ ಸುಮಾರು 3.15 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬುದು ಖಚಿತ. ಗಾಳಿಯಲ್ಲಿ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 4 ಭಾಗ ಏರಿ, ನೈಟ್ರೋಜನ್ ಆಕ್ಸೈಡ್ ನೂರು ಕೋಟಿಗೆ 60 ಭಾಗ ಏರಿತು ಎಂದರೆ ಕಿಲೋ ಡೀಸೆಲ್‌ಗೆ 49 ಗ್ರಾಂ ಎಂದು ಲೆಕ್ಕ ಬರುತ್ತದೆ. ಯೂನಿಟ್‌ಗೆ 210 ಗ್ರಾಂ ಡೀಸೆಲ್ ಎಂದು ಗುಣಿಸಿದರೆ ಯೂನಿಟ್‌ಗೆ ಹತ್ತು ಗ್ರಾಂ ಚಿಲ್ಲರೆ. ದಾಟಿದ ಹಡಗು ಯಾವುದು, ಎಷ್ಟು ವೇಗದಲ್ಲಿತ್ತು, ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಹಡಗಿನ ಗುರುತಿನ ರೇಡಿಯೊ ಸಂಕೇತವೇ ಹೇಳುತ್ತದೆ. ರೈನ್‌ನಲ್ಲಿ ಆ ಸಾಧನ 2014ರ ಡಿಸೆಂಬರಿನಿಂದ ಕಡ್ಡಾಯ.

ಕೇಳುವವರು: ಕಟ್ಟಿ ನಿಂತ ಹಡಗಿನಿಂದಲಾದರೂ ದಡದವರಿಗೆ ಬಿಡುವು ಸಿಗುತ್ತದೆಯೇ?

ಹೇಳುವವರು: ಮುಖ್ಯ ಇಂಜಿನ್ ಆರುತ್ತದೆ, ಜನರೇಟರ್ ಆರುವುದಿಲ್ಲ. ಸರಕು ಹಡಗಿನಲ್ಲಿ ಕ್ಯಾಪ್ಟನ್‌ನ ಸಂಸಾರವೇ ವಾಸವಾಗಿರುವುದು ಸಾಮಾನ್ಯ. ದೀಪ, ಒಲೆ, ಚಳಿಗಾಲದ ಹೀಟರ್ ಎಲ್ಲಕ್ಕೂ ಕರೆಂಟ್ ಬೇಕು. ಪ್ರವಾಸಿಗರ ಹೋಟೆಲ್ ಹಡಗುಗಳದ್ದು ಇನ್ನೂ ದೊಡ್ಡ ಹಸಿವು. ಕಲೋನ್ ನಗರದ ನಡುಮಧ್ಯೆ ಅಂಥ ಹಡಗು ರಾತ್ರಿ ನಿಂತರೆ ಅಡುಗೆಮನೆ, ಏಸಿ, ಬಿಸಿನೀರಿಗೆಂದು ನೂರಾರು ಕಿಲೋವ್ಯಾಟ್ ಬೇಕು. ಪರಿಹಾರ ಸರಳ: ದಡದಿಂದ ಕೇಬಲ್ ಎಳೆದು ವಿದ್ಯುತ್ ಕೊಡುವುದು. ರಾಟರ್‌ಡ್ಯಾಮ್, ಕಲೋನ್, ಡಸ್ಸೆಲ್‌ಡಾರ್ಫ್‌ಗಳಲ್ಲಿ ಈ ಏರ್ಪಾಡು ಇದೆ. ಇಡೀ ವಿಷಯದಲ್ಲಿ ತಂತ್ರಜ್ಞಾನದ ತೊಡಕು ಅತ್ಯಂತ ಕಡಿಮೆ ಇರುವುದು ಇಲ್ಲಿ. ತೊಡಕಿರುವುದು ಪ್ಲಗ್‌ನ ಅಳತೆ, ಬಿಲ್ ಯಾರ ಹೆಸರಿಗೆ ಎಂಬಂಥ ಕ್ಷುಲ್ಲಕಗಳಲ್ಲಿ.

ಇಂಜಿನ್‌ಗೆ ಸಂಬಂಧವೇ ಇಲ್ಲದ ಒಂದು ಮಾಲಿನ್ಯವನ್ನೂ ಇಲ್ಲಿ ಹೇಳಿಬಿಡಬೇಕು. ಪೆಟ್ರೋಲ್, ಬೆಂಜೀನ್ ಇಳಿಸಿದ ಟ್ಯಾಂಕರ್ ಮುಂದಿನ ಸರಕು ತುಂಬುವ ಮೊದಲು ಖಾಲಿ ಟ್ಯಾಂಕಿನ ಆವಿಯನ್ನು ಹೊರಹಾಕಬೇಕು. ಓಡುತ್ತಲೇ ಫ್ಯಾನ್ ಹಾಕಿ ಆವಿಯನ್ನು ಗಾಳಿಗೆ ಬಿಡುವ ರೂಢಿ ದಶಕಗಳಿಂದ ನಡೆದಿತ್ತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ರೈನ್ ದೇಶಗಳ ತ್ಯಾಜ್ಯ ಒಪ್ಪಂದಕ್ಕೆ 2017ರಲ್ಲಿ ತಂದ ತಿದ್ದುಪಡಿ ಇದನ್ನು ಹಂತಹಂತವಾಗಿ ನಿಷೇಧಿಸುತ್ತದೆ. ಎಲ್ಲ ದೇಶಗಳೂ ಅನುಮೋದಿಸಿ ಅದು ಜಾರಿಗೆ ಬರಲು 2024 ಆಯಿತು.

ಕೇಳುವವರು: ನಿಯಮಗಳ ವೇಗವೂ ಏರುವ ಹಡಗಿನದ್ದೇ ಎಂದಾಯಿತು. ಇಂಜಿನ್‌ಗಳ ನಿಯಮ ಏನು ಹೇಳುತ್ತದೆ?

ಹೇಳುವವರು: ಸ್ಟ್ರಾಸ್‌ಬರ್ಗ್‌ನಲ್ಲಿರುವ ರೈನ್ ನೌಕಾಯಾನದ ಕೇಂದ್ರ ಆಯೋಗ 1815ರ ವಿಯೆನ್ನಾ ಸಮ್ಮೇಳನದ ಕೂಸು, ಹೊಗೆಗೆ ಮಿತಿ ಹಾಕಲು ಅದು ಈ ಶತಮಾನದವರೆಗೆ ಕಾಯಿತು. 2007ರ ಎರಡನೇ ಹಂತದ ಮಿತಿ ಇಂಜಿನ್‌ನ ಸುತ್ತುವೇಗವನ್ನು ಅವಲಂಬಿಸಿದ್ದು, ನಿಮಿಷಕ್ಕೆ 1,500 ಸುತ್ತಿನ ಇಂಜಿನ್‌ಗೆ ಯೂನಿಟ್‌ಗೆ ಸುಮಾರು 7.4 ಗ್ರಾಂ ನೈಟ್ರೋಜನ್ ಆಕ್ಸೈಡ್. ಈಗಿರುವುದು ಐರೋಪ್ಯ ಒಕ್ಕೂಟದ ಐದನೇ ಹಂತ. 2020ರಿಂದ 300 ಕಿಲೋವ್ಯಾಟ್ ಮೇಲಿನ ಹೊಸ ಇಂಜಿನ್‌ಗಳಿಗೆ ಯೂನಿಟ್‌ಗೆ 1.8 ಗ್ರಾಂ, ಕಣಗಳಿಗೆ 0.015 ಗ್ರಾಂ; ಕಣಗಳ ಎಣಿಕೆಗೂ ಮಿತಿ ಇದೆ. ಮೊದಲಿನ ಲೆಕ್ಕದ ಹಡಗಿಗೆ ಈ ಇಂಜಿನ್ ಕೂರಿಸಿದರೆ ಟನ್ ಕಿಲೋಮೀಟರ್‌ನ 0.16 ಗ್ರಾಂ 0.04ರ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯ ನಿಯಮ. ಆದರೆ ಅದು ಹೊಸದಾಗಿ ಕೂರಿಸುವ ಇಂಜಿನ್‌ಗೆ ಮಾತ್ರ. ಹಳೆಯದನ್ನು ಬಿಚ್ಚಿಡಲು ಹಡಗಿನ ಒಡೆಯನನ್ನು ಅದು ಒತ್ತಾಯಿಸುವುದಿಲ್ಲ, ಹಾಗಾಗಿ ಒಡೆಯ ಹಳೆಯದನ್ನೇ ಮತ್ತೆ ಮತ್ತೆ ರಿಪೇರಿ ಮಾಡಿಸುತ್ತಾನೆ. ಇತ್ತ 2024ರ ಐರೋಪ್ಯ ನಿರ್ದೇಶನವು ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಮಿತಿಯನ್ನು ಘನಮೀಟರ್‌ಗೆ 40 ಮೈಕ್ರೋಗ್ರಾಂನಿಂದ 2030ಕ್ಕೆ 20ಕ್ಕಿಳಿಸಿದೆ. ಮಿತಿ ನಲವತ್ತಿದ್ದಾಗ ಹಡಗುಗಳು ಸೇರಿಸುತ್ತಿದ್ದ ಕೆಲವು ಮೈಕ್ರೋಗ್ರಾಂ ನಡೆಯುತ್ತಿತ್ತು. ಇಪ್ಪತ್ತಾದಾಗ ದಡದ ನಗರಗಳಿಗೆ ಅದು ನುಂಗಲಾರದ ತುತ್ತು.

ಕೇಳುವವರು: ಬ್ಯಾಟರಿ ಹಡಗುಗಳೂ ಬಂದಿವೆಯಲ್ಲ.

ಹೇಳುವವರು: 2021ರಿಂದ ನೆದರ್ಲೆಂಡ್ಸಿನಲ್ಲಿ ‘ಆಲ್ಫೆನಾರ್’ ಎಂಬ ಕಂಟೇನರ್ ಹಡಗು ಕಳಚಿ ಬದಲಿಸುವ ಬ್ಯಾಟರಿಗಳಿಂದ ಓಡುತ್ತಿದೆ, ಆಲ್ಫೆನ್‌ನಿಂದ ಮೂರ್ಡೈಕ್‌ಗೆ ಬಿಯರ್ ಒಯ್ಯುವುದು ಅದರ ಕೆಲಸ. ಸಮತಟ್ಟಾದ, ಪ್ರವಾಹವಿಲ್ಲದ, ಗಿಡ್ಡ ದಾರಿ. ಬ್ಯಾಟರಿಗೆ ಹೇಳಿಮಾಡಿಸಿದ ಸ್ಥಿತಿ ಅದು. ಕಾಲು ಲೋಡ್‌ನ ಓಟ, ನಿಂತು ಹೊರಡುವ ಓಟ ಎರಡರಲ್ಲೂ ಡೀಸೆಲ್ ಎಷ್ಟು ಕೆಟ್ಟದೋ ಬ್ಯಾಟರಿ ಅಷ್ಟು ಒಳ್ಳೆಯದು. ಬಾಸೆಲ್‌ವರೆಗೆ ಏರುವ ಹಡಗಿಗೆ ಅದು ಸಾಲದು. ಒಂದೇ ಮದ್ದು ಎಲ್ಲ ಹಡಗಿಗೂ ಹತ್ತುವುದಿಲ್ಲ.

ಕೇಳುವವರು: ಇದರಲ್ಲಿ ಭಾರತಕ್ಕೆ ಸೇರಿದ್ದು ಏನಾದರೂ ಉಂಟೆ? 2016ರ ಕಾಯ್ದೆ 111 ರಾಷ್ಟ್ರೀಯ ಜಲಮಾರ್ಗಗಳನ್ನು ಘೋಷಿಸಿತು. ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ತುಂಗಭದ್ರಾ, ಭೀಮಾ ಎಲ್ಲವೂ ಪಟ್ಟಿಯಲ್ಲಿವೆ.

ಹೇಳುವವರು: ಪಟ್ಟಿಯಲ್ಲಿರುವುದು ಬೇರೆ, ಹಡಗು ಓಡುವುದು ಬೇರೆ. ತುಂಗಭದ್ರೆಯಲ್ಲಿ ಸರಕು ಹಡಗಿನ ಹೊಗೆಯ ಚಿಂತೆ ಸದ್ಯಕ್ಕೆ ಅನಾವಶ್ಯಕ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್ ನಿಂತು ಹೊರಡುವ ಗಿಡ್ಡ ಓಟಕ್ಕೆ ಒಳ್ಳೆಯ ಉದಾಹರಣೆಯಾಗಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಇಂಥ ಗಿಡ್ಡ ಓಟಕ್ಕೆ ಕೊಚ್ಚಿಯ ವಾಟರ್ ಮೆಟ್ರೊ 2023ರಿಂದ ಬ್ಯಾಟರಿ ದೋಣಿಗಳನ್ನು ಬಳಸುತ್ತಿದೆ, ಅದು ಸರಿಯಾದ ಆಯ್ಕೆ.

ನಿಜವಾಗಿ ಲೆಕ್ಕ ಹಾಕಬೇಕಾದದ್ದು ಗಂಗೆಯಲ್ಲಿ. ಹಲ್ದಿಯಾದಿಂದ ಪ್ರಯಾಗರಾಜ್‌ವರೆಗೆ 1,620 ಕಿ.ಮೀ. ಉದ್ದದ ಒಂದನೇ ಜಲಮಾರ್ಗದಲ್ಲಿ ಉಳಿಸಿಕೊಳ್ಳಬೇಕೆಂದಿರುವ ಆಳ ಕೆಳಭಾಗದಲ್ಲಿ 3 ಮೀಟರ್, ಗಾಜಿಪುರದಿಂದ ವಾರಾಣಸಿಗೆ 2.2 ಮೀಟರ್. ಅಷ್ಟು ಆಳದಲ್ಲಿ ಅಲೆಯ ವೇಗ ಗಂಟೆಗೆ 17 ಕಿ.ಮೀ. ಒಳಗೇ. ಮಳೆಗಾಲದಲ್ಲಿ ರೈನ್ ಕಣಿವೆಯನ್ನು ನೆನಪಿಸುವ ಪ್ರವಾಹ, ಬೇಸಿಗೆಯಲ್ಲಿ ಕೌಬ್ ನೆನಪಿಸುವ ಮರಳ ದಿಬ್ಬ. ಅಂದರೆ ಮೇಲೆ ಹೇಳಿದ ಕೆಟ್ಟ ಸ್ಥಿತಿಗಳು ಒಂದೇ ನದಿಯಲ್ಲಿ ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಲಾರಿಗಿಂತ ಹಡಗು ಶುದ್ಧ ಎಂಬ ಮಾತನ್ನು ಇಂಗಾಲದ ಅಂಕಿಯೊಂದನ್ನೇ ತೋರಿಸಿ ಇಲ್ಲೂ ಹೇಳಲಾಗುತ್ತಿದೆ.

ಕೇಳುವವರು: ಹಾಗಾದರೆ ಇಲ್ಲಿ ಮೊದಲು ಆಗಬೇಕಾದದ್ದು?

ಹೇಳುವವರು: ರೈನ್ ದೇಶಗಳು ಹತ್ತು ಸಾವಿರ ಹಡಗು ತುಂಬಿದ ಮೇಲೆ ನಿಯಮ ಹುಡುಕಿದವು. ಗಂಗೆಯಲ್ಲಿ ಹಡಗುಗಳು ಇನ್ನೂ ಬರಬೇಕಾಗಿವೆ, ಹಾಗಾಗಿ ಕ್ರಮ ತಿರುಗಿಸಲು ಅವಕಾಶ ಇದೆ. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಅದರಡಿಯಲ್ಲಿ ಇಂಜಿನ್ ಒಪ್ಪುವಾಗ ಕಾಲು ಲೋಡ್‌ಗಿಂತ ಕೆಳಗಿನ ಅಳತೆಯನ್ನೂ ಕೇಳಬೇಕು. ಒಪ್ಪಿದ ಹಡಗನ್ನು ವರ್ಷಕ್ಕೊಮ್ಮೆ ಏರುಪ್ರವಾಹದಲ್ಲಿ ಓಡುವಾಗ ದಡದಿಂದಲೇ ಅಳೆಯಬೇಕು. ವಾರಾಣಸಿ, ಸಾಹಿಬ್‌ಗಂಜ್, ಹಲ್ದಿಯಾ ಟರ್ಮಿನಲ್‌ಗಳ ಧಕ್ಕೆಗಳಲ್ಲಿ ಹಡಗಿಗೆ ದಡದ ವಿದ್ಯುತ್ ಕೊಡುವ ಏರ್ಪಾಡು ಮೊದಲ ದಿನದಿಂದಲೇ ಕಡ್ಡಾಯವಾಗಬೇಕು. ಮೂರರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಡ.